ಹನ್ನೆರಡನೆಯ ತರಗತಿ ಆಯಿತು, ಕಾಗದಗಳು ಸಿದ್ಧವಿವೆಯೇ?

ಹೊಸೂರಿನ ಬಳಿಯ ತೊರಪಲ್ಲಿ ಅಗ್ರಹಾರ ಒಂದು ಸಣ್ಣ ಊರು. ರಾಗಿ ಹೊಲ, ತರಕಾರಿ ತೋಟ, ಗುಲಾಬಿ ಬೆಳೆಯುವ ಹಸಿರು ಮನೆಗಳ ನಡುವಿನ ಈ ಊರಿನಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದರು. ತಂದೆ ಊರಿನ ಮುನಸೀಫರು. ಮಗು ಮೊದಲು ಊರಿನ ಶಾಲೆಯಲ್ಲಿ, ಆಮೇಲೆ ಹೊಸೂರಿನ ಶಾಲೆಯಲ್ಲಿ ಅಕ್ಷರ ಕಲಿಯಿತು. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾನೂನು. ಮುಂದೆ ಅವರು ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದದ್ದು, 1954ರಲ್ಲಿ ಭಾರತರತ್ನ ಪಡೆದದ್ದು, 1972ರ ಕ್ರಿಸ್ಮಸ್ ದಿನದಂದೇ ತೀರಿಕೊಂಡದ್ದು ಎಲ್ಲರಿಗೂ ತಿಳಿದ ಸಂಗತಿ. ಅವರು ಹುಟ್ಟಿದ ಮನೆ ಇಂದು ಸ್ಮಾರಕ.

ಆ ಹುಡುಗನ ದಾರಿಯಲ್ಲಿ ನಮಗೆ ಕುತೂಹಲ ಹುಟ್ಟಿಸುವ ವಿಷಯ ಬೇರೆಯೇ ಇದೆ. ಆಗ ತೊರಪಲ್ಲಿ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಆದರೂ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಗಡಿ ದಾಟಿ ಓದಿದರೂ ಪರೀಕ್ಷೆ ಒಂದೇ, ಪದವಿ ಕೊಡುವವರೂ ಒಬ್ಬರೇ. ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಇಂದು ಅದೇ ಊರಿನ ಮಗುವಿಗೆ ಬೆಂಗಳೂರು ಸುಮಾರು ನಲವತ್ತು ಕಿಲೋಮೀಟರ್ ದೂರ, ಬಸ್ಸು ಹತ್ತಿದರೆ ಸಾಕು. ಆದರೆ ಪ್ರವೇಶದ ಮಟ್ಟಿಗೆ ಆ ನಲವತ್ತು ಕಿಲೋಮೀಟರ್ ತುಂಬಾ ಉದ್ದವಾಗಿದೆ. ಎರಡು ರಾಜ್ಯ, ಎರಡು ಪರೀಕ್ಷಾ ಮಂಡಳಿ, ಎರಡು ಬಗೆಯ ಮೀಸಲಾತಿ, ಎರಡು ಬಗೆಯ ಅರ್ಜಿ. ಈ ಎರಡರ ನಡುವೆ ನಮ್ಮ ಮಕ್ಕಳು ಸೀಟು ಕಳೆದುಕೊಳ್ಳುವುದನ್ನು ನಾವು ನೋಡಿದ್ದೇವೆ. ಅಂಕ ಕಡಿಮೆಯಾಗಿ ಅಲ್ಲ. ಒಂದು ಕಾಗದ ಕಡಿಮೆಯಾಗಿ.

ಭಾನುವಾರದ ಮೇಜು

ಮೇ ತಿಂಗಳಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಾವು ಕೆಲವರು ಚರ್ಚಿನ ಪಕ್ಕದ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತೇವೆ. ಒಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಇಬ್ಬರು ಕಾಲೇಜು ಓದುತ್ತಿರುವ ಹುಡುಗಿಯರು. ಪ್ಲಸ್ ಟೂ ಫಲಿತಾಂಶ ಬಂದ ವಾರ ಮೇಜಿನ ಮುಂದೆ ಸಾಲು ಇರುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ ಒಳ್ಳೆಯ ಅಂಕ ಬಂದಿತ್ತು. ಚೀಲದಿಂದ ಕಾಗದಗಳನ್ನು ತೆಗೆದು ಹರಡಿದೆವು. ಮಗಳ ಶಾಲಾ ದಾಖಲೆಯಲ್ಲಿ ತಂದೆಯ ಹೆಸರು ಮನೆಯಲ್ಲಿ ಕರೆಯುವ ಹೆಸರು. ಆಧಾರ್ ಕಾರ್ಡಿನಲ್ಲಿ ಜ್ಞಾನಸ್ನಾನದ ಹೆಸರು. ರೇಷನ್ ಕಾರ್ಡಿನಲ್ಲಿ ಎರಡೂ ಸೇರಿ ಮೂರನೆಯದೊಂದು. ಜಾತಿ ಪ್ರಮಾಣಪತ್ರಕ್ಕೆ ಹಾಕಿದ ಅರ್ಜಿ ಹೆಸರು ಹೊಂದುವುದಿಲ್ಲ ಎಂದು ಎರಡು ಬಾರಿ ವಾಪಸು ಬಂದಿತ್ತು. ಕಚೇರಿಯಲ್ಲಿ ಕೇಳಿದರೆ, "ಹೋಗಿ ಸರಿಮಾಡಿಕೊಂಡು ಬನ್ನಿ" ಎಂದರಂತೆ. ಏನು ಸರಿಮಾಡಬೇಕು, ಎಲ್ಲಿ ಸರಿಮಾಡಬೇಕು ಎಂದು ಯಾರೂ ಹೇಳಲಿಲ್ಲ.

"ನಾನು ಒಬ್ನೇ ಅಲ್ವಾ ಸಾರ್, ಮೂರು ಹೆಸ್ರಿದ್ರೂ ಮನುಷ್ಯ ಒಬ್ನೇ ಅಲ್ವಾ?" ಎಂದರು ಆ ತಂದೆ.

ನಮಗೆ ನಗು ಬರಲಿಲ್ಲ. ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಕೌನ್ಸೆಲಿಂಗಿನ ಮೊದಲ ಸುತ್ತು ಮುಗಿದಿತ್ತು. ಪ್ರಮಾಣಪತ್ರವಿಲ್ಲದ ಮಗು ಸಾಮಾನ್ಯ ವರ್ಗದ ಸಾಲಿನಲ್ಲೇ ನಿಲ್ಲಬೇಕು. ಆ ಹುಡುಗಿಗೆ ಕೊನೆಗೆ ಸೀಟು ಸಿಕ್ಕಿತು. ಆದರೆ ಆಸೆಪಟ್ಟ ಕಾಲೇಜಿನಲ್ಲಿ ಅಲ್ಲ, ಆಸೆಪಟ್ಟ ವಿಷಯದಲ್ಲೂ ಅಲ್ಲ. ಈ ಲೇಖನ ಬರೆಯಲು ಆ ತಂದೆಯ ಪ್ರಶ್ನೆಯೇ ಕಾರಣ.

ನಮ್ಮ ಕಡೆಯ ದಾರಿಗಳು

ಮೊದಲು ಒಂದು ಮಾತು ಸ್ಪಷ್ಟವಾಗಲಿ. "ಯೂನಿವರ್ಸಿಟಿಗೆ ಸೇರಿಸಬೇಕು" ಎಂದು ಹಲವರು ಬರುತ್ತಾರೆ. ಪ್ಲಸ್ ಟೂ ಮುಗಿಸಿದ ಮಗು ಸಾಮಾನ್ಯವಾಗಿ ಸೇರುವುದು ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಕಾಲೇಜಿಗೆ. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯ. ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್ ಜಿಲ್ಲೆಗಳ ಕಲೆ ಮತ್ತು ವಿಜ್ಞಾನ ಕಾಲೇಜುಗಳಿಗೆ ಆ ವಿಶ್ವವಿದ್ಯಾಲಯ 1997ರಲ್ಲಿ ಸೇಲಂನಲ್ಲಿ ಆರಂಭವಾದ ಪೆರಿಯಾರ್ ವಿಶ್ವವಿದ್ಯಾಲಯ. ಹೊಸೂರಿನಲ್ಲಿಯೂ ಕೃಷ್ಣಗಿರಿಯಲ್ಲಿಯೂ ಸರ್ಕಾರಿ ಕಲಾ ಕಾಲೇಜುಗಳಿವೆ. ಖಾಸಗಿ ಕಾಲೇಜಿನ ಜಾಹೀರಾತು ನೋಡಿ ಸಾಲ ಮಾಡುವ ಮೊದಲು ಇವುಗಳಿಗೆ ಅರ್ಜಿ ಹಾಕಿದ್ದೀರಾ ಎಂದು ನಾವು ಎಲ್ಲರನ್ನೂ ಕೇಳುತ್ತೇವೆ.

ತಮಿಳುನಾಡಿನ ಸರ್ಕಾರಿ ಕಲೆ ಮತ್ತು ವಿಜ್ಞಾನ ಕಾಲೇಜುಗಳಿಗೆಲ್ಲ ಒಂದೇ ಕಡೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಫಲಿತಾಂಶ ಬಂದ ಸುಮಾರಿಗೆ ಇದು ತೆರೆಯುತ್ತದೆ. ಪ್ರವೇಶ ಪರೀಕ್ಷೆ ಇಲ್ಲ. ಭಾಷಾ ಪತ್ರಿಕೆಗಳನ್ನು ಬಿಟ್ಟು ಉಳಿದ ನಾಲ್ಕು ವಿಷಯಗಳ 400 ಅಂಕಗಳ ಮೇಲೆ ರ‍್ಯಾಂಕ್ ಪಟ್ಟಿ ಆಗುತ್ತದೆ. ಭಾಷಾ ಸಾಹಿತ್ಯದ ಪದವಿಗೆ ಮಾತ್ರ ಆ ಭಾಷೆಯ ಅಂಕ ಲೆಕ್ಕಕ್ಕೆ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಸೇರುವ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಬೇಕು: ಪದವಿಯ ಮೊದಲ ಭಾಗದ ಭಾಷೆಯಾಗಿ ಆ ಕಾಲೇಜಿನಲ್ಲಿ ಏನೇನು ಕಲಿಸುತ್ತಾರೆ, ಪಾಠ ಯಾವ ಮಾಧ್ಯಮದಲ್ಲಿ ನಡೆಯುತ್ತದೆ? ಸೇರಿದ ಮೇಲೆ ಕೇಳಿದರೆ ತಡವಾಗುತ್ತದೆ.

ಇಂಜಿನಿಯರಿಂಗಿಗೆ ದಾರಿ ಬೇರೆ. ತಮಿಳುನಾಡು 2006ರಲ್ಲಿ ಕಾಯ್ದೆ ತಂದು ವೃತ್ತಿಶಿಕ್ಷಣಕ್ಕಿದ್ದ ಪ್ರವೇಶ ಪರೀಕ್ಷೆಯನ್ನು ತೆಗೆದುಹಾಕಿತು. ಅಂದಿನಿಂದ ಇಂಜಿನಿಯರಿಂಗ್ ಸೀಟು ಸಿಗುವುದು ಪ್ಲಸ್ ಟೂ ಅಂಕಗಳ ಮೇಲೆ. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಒಟ್ಟು 200ಕ್ಕೆ ಕಟ್ ಆಫ್. ಗಣಿತದಲ್ಲಿ 90, ಭೌತಶಾಸ್ತ್ರದಲ್ಲಿ 80, ರಸಾಯನಶಾಸ್ತ್ರದಲ್ಲಿ 84 ಬಂದ ಮಗುವಿನ ಕಟ್ ಆಫ್ 90, 40, 42 ಸೇರಿ 172. ಎಲ್ಲ ವಿಷಯಗಳ ಮೊತ್ತ ನೋಡಿ ಖುಷಿಪಡುವ ತಂದೆತಾಯಿಗಳು ಈ ಲೆಕ್ಕವನ್ನು ಮೊದಲು ಮಾಡಿಕೊಳ್ಳಲಿ. ನಮ್ಮ ಜಿಲ್ಲೆಯ ಬರಗೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೇ ಇದೆ. ಅಣ್ಣಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಕೌನ್ಸೆಲಿಂಗ್ 2018ರಿಂದ ಆನ್‌ಲೈನಿನಲ್ಲಿ ನಡೆಯುತ್ತಿದೆ. ಮಗು ತನಗೆ ಬೇಕಾದ ಕಾಲೇಜು ಮತ್ತು ವಿಭಾಗಗಳನ್ನು ಇಷ್ಟದ ಕ್ರಮದಲ್ಲಿ ತುಂಬಬೇಕು. ಸಿಗುತ್ತದೋ ಇಲ್ಲವೋ ಎಂಬ ಭಯದಿಂದ ಇಷ್ಟವಾದದ್ದನ್ನು ಕೆಳಗೆ ಹಾಕಬಾರದು. ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಮೇಲಿನದು ಸಿಗದಿದ್ದರೆ ಮಾತ್ರ ಮುಂದಿನದಕ್ಕೆ ಹೋಗುತ್ತದೆ. ಎರಡು ಮೂರು ಹೆಸರು ಮಾತ್ರ ತುಂಬಿ ಬಿಡುವುದೂ ತಪ್ಪು. ತಾತ್ಕಾಲಿಕವಾಗಿ ಸೀಟು ತೋರಿಸಿದ ಮೇಲೆ ಕೊಟ್ಟ ಒಂದೆರಡು ದಿನಗಳೊಳಗೆ ಒಪ್ಪಿಗೆ ಕೊಡಬೇಕು. ಆ ದಿನಗಳಲ್ಲಿ ಮದುವೆಗೋ ಜಾತ್ರೆಗೋ ಹೋಗಿ ಫೋನು ನೋಡದೆ ಸೀಟು ಬಿಟ್ಟವರನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಚಿಂತಿಸಬೇಕಿಲ್ಲ. ಕೌನ್ಸೆಲಿಂಗಿಗೆಂದೇ ಜಿಲ್ಲೆಗಳಲ್ಲಿ ಸಹಾಯ ಕೇಂದ್ರಗಳಿರುತ್ತವೆ.

ಕುರಿ, ಕೋಳಿ, ಹಸು ಸಾಕುವ ಮನೆಗಳ ಮಕ್ಕಳಿಗೆ ಹೊಸೂರಿನ ಬಳಿಯ ಮತ್ತಿಗಿರಿಯಲ್ಲೇ ಒಂದು ಅವಕಾಶವಿದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕೋಳಿ ಸಾಕಣೆ ಕಾಲೇಜು ಅಲ್ಲಿದೆ. ಈ ವಿಶ್ವವಿದ್ಯಾಲಯದ ಪದವಿಗಳಿಗೆ ಪ್ಲಸ್ ಟೂ ಅಂಕಗಳ ಮೇಲೆಯೇ ಪ್ರವೇಶ. ಅರ್ಜಿ ಮಾತ್ರ ಪ್ರತ್ಯೇಕ. ಎಂ.ಬಿ.ಬಿ.ಎಸ್.ಗೆ ನೀಟ್ ಪರೀಕ್ಷೆ ಬರೆಯಲೇಬೇಕು. ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇನ್ನು ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ತಿರುವಾರೂರಿನ ತಮಿಳುನಾಡು ಕೇಂದ್ರೀಯ ವಿಶ್ವವಿದ್ಯಾಲಯ ಇವೆರಡೂ 2009ರಲ್ಲಿ ಆರಂಭವಾದವು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿ.ಯು.ಇ.ಟಿ. ಎಂಬ ಸಾಮಾನ್ಯ ಪರೀಕ್ಷೆ ಇದೆ. ಅದನ್ನು ಹದಿಮೂರು ಭಾಷೆಗಳಲ್ಲಿ ನಡೆಸುತ್ತಾರೆ. ಕನ್ನಡವೂ ಅದರಲ್ಲಿ ಒಂದು. ನಮ್ಮ ಕನ್ನಡದ ಮಕ್ಕಳಿಗೆ ರಾಜ್ಯದ ಗಡಿ ಅಡ್ಡ ಬಾರದ ಬಾಗಿಲು ಇದು.

ಗಡಿಯಾಚೆಯ ಬಾಗಿಲು

ನಮ್ಮಲ್ಲಿ ಎಷ್ಟೋ ಮನೆಗಳ ಸೊಸೆಯಂದಿರು ಆನೇಕಲ್, ಕನಕಪುರ ಕಡೆಯವರು. ನಮ್ಮ ಹೆಣ್ಣುಮಕ್ಕಳು ಆ ಕಡೆ ಸೊಸೆಯರು. ಮಾತು ಕನ್ನಡ, ಹಾಡು ಕನ್ನಡ, ಜಪಮಾಲೆ ಕನ್ನಡ. ಹಾಗಾಗಿ ಮಗನನ್ನು ಬೆಂಗಳೂರಿಗೆ ಪಿಯುಸಿಗೆ ಸೇರಿಸಿದರೆ ಮುಂದೆ ಅಲ್ಲಿಯೇ ಸರ್ಕಾರಿ ಸೀಟು ಸಿಗುತ್ತದೆ ಎಂದು ತಿಳಿಯುವವರು ಬಹಳ. ಹೀಗೆ ತಿಳಿದವರು ಎರಡೂ ಕಡೆ ಕೈ ಸುಟ್ಟುಕೊಂಡಿದ್ದಾರೆ.

ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಲ್ಲಿ ಸಿ.ಇ.ಟಿ. ಬರೆಯಬೇಕು, ಇಂಜಿನಿಯರಿಂಗಿಗೆ ಪಿಯುಸಿ ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಆದರೆ ರ‍್ಯಾಂಕಿಗಿಂತ ಮೊದಲು ಅರ್ಹತೆಯ ಪ್ರಶ್ನೆ ಬರುತ್ತದೆ. ಮುಖ್ಯವಾದ ನಿಯಮ ಏಳು ವರ್ಷದ್ದು: ಮಗು ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಪಿಯುಸಿ ಎರಡು ವರ್ಷ ಮಾತ್ರ ಓದಿದವರಿಗೆ ಈ ದಾರಿ ಇಲ್ಲ.

ಇನ್ನೊಂದು ದಾರಿ ಇದೆ. ಅದು ನಮ್ಮಂಥ ಗಡಿಯ ಮನೆಗಳಿಗೆ ಉಪಯೋಗದ್ದು. ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ತಾಯಿಯರಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅರ್ಜಿ ಹಾಕಬಹುದು. ಒಮ್ಮೆ ಒಬ್ಬ ಹುಡುಗನ ಅರ್ಜಿ ನೋಡುತ್ತಿದ್ದಾಗ ಪಕ್ಕದಲ್ಲಿ ಸುಮ್ಮನೆ ಕೂತಿದ್ದ ತಾಯಿಯನ್ನು ಕೇಳಿದೆವು, "ಅಕ್ಕಾ, ನೀವು ಎಲ್ಲಿ ಓದಿದ್ದು?"

"ನಾನೇನು ಓದಿದ್ದೀನಿ ಬಿಡಿ, ಏಳ್ನೇ ಕ್ಲಾಸು. ತವರೂರಲ್ಲಿ, ಆನೇಕಲ್ ತಾವ" ಎಂದು ಆಕೆ ನಾಚಿಕೊಂಡರು.

ಆ ಏಳನೆಯ ತರಗತಿಯೇ ಮಗನಿಗೆ ಬಾಗಿಲು ತೆರೆಯಿತು. ಆಕೆ ತವರಿಗೆ ಹೋಗಿ, ಓದಿದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಹಳೆಯ ದಾಖಲಾತಿ ಪುಸ್ತಕ ಹುಡುಕಿಸಿ, ವ್ಯಾಸಂಗ ಪ್ರಮಾಣಪತ್ರ ತಂದರು. ತನ್ನ ಓದು ಯಾವ ಲೆಕ್ಕಕ್ಕೂ ಇಲ್ಲ ಎಂದುಕೊಂಡಿದ್ದ ಆ ತಾಯಿ ಆ ಕಾಗದವನ್ನು ಮಡಿಸದೆ, ಎರಡು ಕೈಯಲ್ಲಿ ಹಿಡಿದು ತಂದದ್ದನ್ನು ನಾವು ಮರೆಯಲಾರೆವು.

ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗಾಗಿಯೂ ನಿಯಮಗಳಿವೆ. ಕನ್ನಡ, ತುಳು, ಕೊಡವ ಮಾತೃಭಾಷೆಯವರು ಇದರಲ್ಲಿ ಬರುತ್ತಾರೆ. ಕನ್ನಡ ಭಾಷಾ ಪರೀಕ್ಷೆಯೂ ಉಂಟು. ಆದರೆ ಗಡಿಯಲ್ಲಿ ಮನೆಯಿದೆ ಎಂದ ಮಾತ್ರಕ್ಕೆ ಗಡಿನಾಡು ಎಂದು ಗುರುತು ಹಾಕಬಾರದು. ಆ ನಿಯಮದಲ್ಲಿ ಕಾಸರಗೋಡು, ಹೊಸದುರ್ಗ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಹೀಗೆ ತಾಲೂಕುಗಳನ್ನು ಹೆಸರಿಸಿ ಹೇಳಿರುತ್ತಾರೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನಿಮ್ಮ ತಾಲೂಕಿನ ಹೆಸರು ಕಣ್ಣಾರೆ ಕಂಡರೆ ಮಾತ್ರ ಮುಂದುವರಿಯಿರಿ.

ಸಾಮಾನ್ಯ ಪದವಿಗೆ, ಅಂದರೆ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಬೆಂಗಳೂರಿಗೆ ಹೋಗುವವರಿಗೆ ಇಷ್ಟು ಕಷ್ಟವಿಲ್ಲ. ಆದರೆ ಬೇರೆ ರಾಜ್ಯದ ಮಂಡಳಿಯಿಂದ ಬಂದವರು ವಿಶ್ವವಿದ್ಯಾಲಯದಿಂದ ಅರ್ಹತಾ ಪತ್ರ ಪಡೆಯಬೇಕು. ಹಳೆಯ ಮಂಡಳಿಯ ವಲಸೆ ಪ್ರಮಾಣಪತ್ರ ಕೊಡಬೇಕು. ಕಾಲೇಜಿಗೆ ಶುಲ್ಕ ಕಟ್ಟಿದೆವು, ಇನ್ನೇನು ಎಂದು ಈ ಎರಡನ್ನು ಮರೆತರೆ ಪರೀಕ್ಷೆಯ ಹೊತ್ತಿಗೆ ತೊಂದರೆ. ಇನ್ನೊಂದು ಮಾತು: ತಮಿಳುನಾಡಿನ ಜಾತಿ ಪ್ರಮಾಣಪತ್ರ ಕರ್ನಾಟಕದ ಮೀಸಲಾತಿಗೆ ನಡೆಯುವುದಿಲ್ಲ. ಅಲ್ಲಿ ನಮ್ಮ ಮಗು ಸಾಮಾನ್ಯ ವರ್ಗ.

ಹಾಗೆಯೇ, ಬೆಂಗಳೂರಿನಲ್ಲಿ ಪಿಯುಸಿ ಓದಿ ಮತ್ತೆ ತಮಿಳುನಾಡಿನ ಇಂಜಿನಿಯರಿಂಗ್ ಕೌನ್ಸೆಲಿಂಗಿಗೆ ಬರುವ ಮಗು ತಾನು ತಮಿಳುನಾಡಿನವನೆಂದು ತೋರಿಸಬೇಕು. ಎಂಟರಿಂದ ಹನ್ನೆರಡರವರೆಗೆ ಯಾವುದಾದರೂ ತರಗತಿಯನ್ನು ಹೊರರಾಜ್ಯದಲ್ಲಿ ಓದಿದ್ದರೆ ಜನ್ಮಸ್ಥಳ ಪ್ರಮಾಣಪತ್ರ, ಅಂದರೆ ನೇಟಿವಿಟಿ ಸರ್ಟಿಫಿಕೇಟ್ ಬೇಕು. ತೊರಪಲ್ಲಿಯಲ್ಲಿ ಹುಟ್ಟಿ ಬೆಳೆದವನಿಗೂ ಈ ಕಾಗದವಿಲ್ಲದೆ ತೊರಪಲ್ಲಿ ತನ್ನ ಊರಲ್ಲ.

ಯಾವ ಶಾಲೆಯಲ್ಲಿ ಓದಿದ್ದು?

ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗೆ ಓದಿದ ಮಕ್ಕಳಿಗೆ ವೈದ್ಯಕೀಯದಲ್ಲಿ 2020ರಿಂದ, ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಪದವಿಗಳಲ್ಲಿ 2021ರಿಂದ ಶೇಕಡಾ 7.5 ಒಳಮೀಸಲಾತಿ ಬಂತು. ಬಡಮಕ್ಕಳಿಗೆ ಇದು ದೊಡ್ಡ ವರ. ಆದರೆ ನಮ್ಮ ಕ್ರೈಸ್ತ ಕುಟುಂಬಗಳು ಒಂದು ಸೂಕ್ಷ್ಮವನ್ನು ತಿಳಿಯಬೇಕು. ನಮ್ಮ ಮಕ್ಕಳಲ್ಲಿ ಅನೇಕರು ಓದುವುದು ಧರ್ಮಸಭೆಯವರು ನಡೆಸುವ ಅನುದಾನಿತ ಶಾಲೆಗಳಲ್ಲಿ. ಸಂಬಳ ಸರ್ಕಾರ ಕೊಟ್ಟರೂ ಈ ಮೀಸಲಾತಿಗೆ ಅವು ಸರ್ಕಾರಿ ಶಾಲೆಗಳಲ್ಲ. ಆರನೆಯ ತರಗತಿಗೆ ಶಾಲೆ ಆರಿಸುವಾಗಲೇ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಶಾಲೆಗಳನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ತಿಳಿದು ಆರಿಸಿ ಎನ್ನುತ್ತಿದ್ದೇವೆ.

ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಕೊಡುವ ಪುದುಮೈ ಪೆಣ್ ಯೋಜನೆ 2022ರಲ್ಲಿ, ಗಂಡುಮಕ್ಕಳಿಗೆ ತಮಿಳ್ ಪುದಲ್ವನ್ ಯೋಜನೆ 2024ರಲ್ಲಿ ಶುರುವಾದವು. ಮನೆಯಲ್ಲಿ ಮೊದಲ ಪದವೀಧರರಾಗುವ ಮಕ್ಕಳಿಗೆ ಕೌನ್ಸೆಲಿಂಗ್ ಮೂಲಕ ಸೇರಿದ ವೃತ್ತಿಶಿಕ್ಷಣದಲ್ಲಿ ಬೋಧನಾ ಶುಲ್ಕದ ರಿಯಾಯಿತಿ ಇದೆ. ಅದಕ್ಕೆ ಮೊದಲ ಪದವೀಧರ ಪ್ರಮಾಣಪತ್ರ ಬೇಕು. ನಮ್ಮ ಧರ್ಮಕೇಂದ್ರದಲ್ಲಿ ಇಂತಹ ಮನೆಗಳೇ ಹೆಚ್ಚು. ಮನೆಯಲ್ಲಿ ಒಬ್ಬರಿಗೆ ಮಾತ್ರ ಇದು ಸಿಗುವುದರಿಂದ ಅಣ್ಣನಿಗೋ ತಂಗಿಗೋ ಎಂದು ಮೊದಲೇ ಕೂತು ಮಾತಾಡಿಕೊಳ್ಳಿ.

ಜ್ಞಾನಸ್ನಾನ ಮತ್ತು ಜಾತಿ ಪ್ರಮಾಣಪತ್ರ

ಇನ್ನು ಮೇಜಿನ ಮುಂದೆ ಜೋರಾಗಿ ಕೇಳದೆ, ಎಲ್ಲರೂ ಹೋದ ಮೇಲೆ ಮೆಲ್ಲನೆ ಕೇಳುವ ಪ್ರಶ್ನೆಗೆ ಬರೋಣ.

1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನು ಸೇರಿಸಿಲ್ಲ. ಪರಿಶಿಷ್ಟ ಪಂಗಡದವರಿಗೆ ಈ ತೊಡಕಿಲ್ಲ. ಅವರು ಯಾವ ಧರ್ಮದಲ್ಲಿದ್ದರೂ ಪರಿಶಿಷ್ಟ ಪಂಗಡದವರೇ. ತಮಿಳುನಾಡಿನಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು, ಎಷ್ಟೇ ತಲೆಮಾರಿನ ಹಿಂದೆ ಆಗಿದ್ದರೂ, ಹಿಂದುಳಿದ ವರ್ಗಕ್ಕೆ, ಅಂದರೆ ಬಿ.ಸಿ.ಗೆ ಸೇರುತ್ತಾರೆ. ರಾಜ್ಯದ ಶೇಕಡಾ 69 ಮೀಸಲಾತಿಯಲ್ಲಿ ಬಿ.ಸಿ.ಗೆ 26.5, ಮುಸ್ಲಿಂ ಬಿ.ಸಿ.ಗೆ 3.5, ಅತಿ ಹಿಂದುಳಿದವರಿಗೆ 20, ಪರಿಶಿಷ್ಟ ಜಾತಿಗೆ 18, ಪಂಗಡಕ್ಕೆ 1. ಬಿ.ಸಿ. ಸಾಲಿನಲ್ಲಿ ಪೈಪೋಟಿ ಹೆಚ್ಚು. ಒಂದೇ ಬೀದಿಯಲ್ಲಿ, ಒಂದೇ ಕೂಲಿಗೆ ಹೋಗುವ ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನಿಗೆ ಒಂದು ಕಟ್ ಆಫ್, ಇನ್ನೊಬ್ಬನಿಗೆ ಇನ್ನೊಂದು. ಜ್ಞಾನಸ್ನಾನ ಪಡೆದದ್ದಕ್ಕೆ ಬೀದಿಯ ಅವಮಾನ ಕಡಿಮೆಯಾಗಲಿಲ್ಲ. ಸೌಲಭ್ಯ ಮಾತ್ರ ಕಡಿಮೆಯಾಯಿತು.

ಹೀಗಿರುವಾಗ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಹಿಂದೂ ಅಂತ ಬರ್ಸಿಬಿಟ್ರೆ ಏನಾಗ್ತದೆ? ದೇವ್ರಿಗೆ ಗೊತ್ತಿಲ್ವಾ ನಾವು ಯಾರು ಅಂತ? ಮಗ ಓದ್ಲಿ ಅಂತ ತಾನೇ."

ಆಕೆಗೆ ಬೈಯುವ ಹಕ್ಕು ನಮಗಿಲ್ಲ. ಬೈಯಲೂ ಇಲ್ಲ. ಆದರೆ ನಿಜ ಹೇಳಬೇಕಾಯಿತು. 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್ ಪುದುಚೇರಿಯ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಜ್ಞಾನಸ್ನಾನ ಪಡೆದು ಚರ್ಚಿಗೆ ಹೋಗುತ್ತಿದ್ದ ಮಹಿಳೆ ಕೆಲಸಕ್ಕಾಗಿ ಹಿಂದೂ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ್ದರು. ಸೌಲಭ್ಯಕ್ಕಾಗಿ ಮಾತ್ರ ಧರ್ಮದ ಹೆಸರು ಬದಲಿಸುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂಬ ಅಭಿಪ್ರಾಯದೊಂದಿಗೆ ನ್ಯಾಯಾಲಯ ಆ ಬೇಡಿಕೆಯನ್ನು ತಳ್ಳಿಹಾಕಿತು. ಸುಳ್ಳು ಪ್ರಮಾಣಪತ್ರದಿಂದ ಸಿಕ್ಕ ಸೀಟು ಓದಿನ ನಡುವೆಯೂ, ಕೆಲಸ ಸಿಕ್ಕ ಮೇಲೂ ಕೈತಪ್ಪಬಹುದು. ಹತ್ತೊಂಬತ್ತು ವರ್ಷದ ಮಗನ ತಲೆಯ ಮೇಲೆ ಆ ಭಯವನ್ನು ಜೀವನಪೂರ್ತಿ ಹೊರಿಸಬೇಕೇ ಎಂದು ಕೇಳಿದೆವು. ಇಂತಹ ಕಾರಣಕ್ಕೆ ಜ್ಞಾನಸ್ನಾನದ ದಾಖಲೆ ತಿದ್ದಿ ಕೊಡಿ ಎಂದು ಸ್ವಾಮೇರನ್ನು ಕೇಳುವುದೂ ಸರಿಯಲ್ಲ. ಅದು ಅವರ ಪುಸ್ತಕವಲ್ಲ, ಧರ್ಮಸಭೆಯ ಪುಸ್ತಕ.

ಆ ತಾಯಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಸೀಟಿನ ಲೆಕ್ಕದಲ್ಲಿ ಬಿ.ಸಿ. ಆದರೂ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದ ಕುಟುಂಬಗಳ ಮಕ್ಕಳಿಗೆ ತಮಿಳುನಾಡು ಸರ್ಕಾರದ ಆದಿ ದ್ರಾವಿಡ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನ, ಆದಾಯದ ಮಿತಿಗೆ ಒಳಪಟ್ಟು, ಸಿಗುತ್ತದೆ. ಪ್ರಮಾಣಪತ್ರದಲ್ಲಿ ಮೂಲ ಜಾತಿಯಿಂದ ಕ್ರೈಸ್ತರಾದವರು ಎಂದು ಸರಿಯಾಗಿ ಬರೆದಿರಬೇಕು, ಅಷ್ಟೇ. ಸುಮ್ಮನೆ "ಕ್ರಿಶ್ಚಿಯನ್" ಎಂದು ಬರೆಸಿಕೊಂಡು ಈ ಸೌಲಭ್ಯ ಬಿಟ್ಟವರು ಎಷ್ಟೋ ಜನ. ಆ ತಾಯಿ ನಿಜವನ್ನೇ ಬರೆಸಿದರು. ಮಗ ಈಗ ಓದುತ್ತಿದ್ದಾನೆ. ಆದರೂ ಅನ್ಯಾಯ ಅನ್ಯಾಯವೇ. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ಮಾಜಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಕೇಂದ್ರ ಸರ್ಕಾರ ನೇಮಿಸಿತು. ಪ್ರತಿ ವರ್ಷ ಆಗಸ್ಟ್ 10ನ್ನು ದಲಿತ ಕ್ರೈಸ್ತರ ಪರವಾದ ದಿನವಾಗಿ ಧರ್ಮಸಭೆ ಆಚರಿಸುತ್ತದೆ. ಆ ದಿನ ನಮ್ಮ ಗುಡಿಯಲ್ಲಿ ಮಾಡುವ ಪ್ರಾರ್ಥನೆ ಈ ತಾಯಂದಿರ ಹೆಸರಿನಲ್ಲಿ ಇರಲಿ.

ಆಗಮನ ಕಾಲದಲ್ಲೇ ಆರಂಭಿಸಿ

ನಮ್ಮ ಅನುಭವದಲ್ಲಿ ಮೇ ತಿಂಗಳಲ್ಲಿ ಓಡಾಡುವವರು ಸೋಲುತ್ತಾರೆ, ನವೆಂಬರಿನಲ್ಲಿ ಶುರುಮಾಡಿದವರು ಗೆಲ್ಲುತ್ತಾರೆ. ಮಗು ಹನ್ನೆರಡನೆಯ ತರಗತಿಗೆ ಬಂದ ವರ್ಷ ಹೀಗೆ ಮಾಡಿ.

ಆಗಮನ ಕಾಲ ಬರುವ ಹೊತ್ತಿಗೆ ಎಲ್ಲ ಕಾಗದಗಳನ್ನು ಒಂದೇ ಕಡೆ ಹರಡಿ ಹೆಸರುಗಳನ್ನು ಹೋಲಿಸಿ: ಹತ್ತನೆಯ ತರಗತಿ ಅಂಕಪಟ್ಟಿ, ಆಧಾರ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರ. ಮಗುವಿನ ಹೆಸರು, ಇನಿಷಿಯಲ್, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ನಾಲ್ಕರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಮೂಲವಾಗಿಟ್ಟು ಉಳಿದವನ್ನು ತಿದ್ದಿಸಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ತಡಮಾಡದೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ.

ಕ್ರಿಸ್ಮಸ್ ರಜೆಯೊಳಗೆ ಇ-ಸೇವಾ ಕೇಂದ್ರದಲ್ಲಿ ಜಾತಿ, ಆದಾಯ, ಮೊದಲ ಪದವೀಧರ, ಬೇಕಿದ್ದರೆ ನೇಟಿವಿಟಿ ಪ್ರಮಾಣಪತ್ರಗಳಿಗೆ ಅರ್ಜಿ ಹಾಕಿ. ಅರ್ಜಿ ವಿ.ಎ.ಒ., ರೆವಿನ್ಯೂ ಇನ್ಸ್‌ಪೆಕ್ಟರ್, ತಾಲೂಕು ಕಚೇರಿ ಹೀಗೆ ಮೇಲೆ ಹೋಗಬೇಕು. ರಸೀದಿ ಸಂಖ್ಯೆಯನ್ನು ಜೋಪಾನವಾಗಿಡಿ. ವಾಪಸು ಬಂದರೆ ಕಾರಣವನ್ನು ಬರೆದುಕೊಂಡು ಕೇಳಿ; ಬಾಯಿಮಾತಿಗೆ ಒಪ್ಪಬೇಡಿ.

ಜನವರಿಯಿಂದ ಪತ್ರಿಕೆ ನೋಡುತ್ತಿರಿ. ಕರ್ನಾಟಕದ ಸಿ.ಇ.ಟಿ., ಸಿ.ಯು.ಇ.ಟಿ., ನೀಟ್ ಇವುಗಳ ಅರ್ಜಿಗಳು ಪ್ಲಸ್ ಟೂ ಪರೀಕ್ಷೆಗೆ ಮೊದಲೇ ಬರುತ್ತವೆ. ಫಲಿತಾಂಶಕ್ಕೆ ಕಾದವರಿಗೆ ಇವು ತಪ್ಪಿಹೋಗುತ್ತವೆ. ತಮಿಳುನಾಡಿನ ಕಲಾ ಕಾಲೇಜು, ಇಂಜಿನಿಯರಿಂಗ್, ಪಶುವೈದ್ಯ ಅರ್ಜಿಗಳು ಬೇಸಿಗೆಯಲ್ಲಿ, ಫಲಿತಾಂಶದ ಆಸುಪಾಸಿನಲ್ಲಿ. ಅರ್ಜಿಗೆ ಕೊಡುವ ಫೋನು ನಂಬರ್ ಮನೆಯದೇ ಆಗಿರಲಿ. ಅಂಗಡಿಯವರ ನಂಬರ್ ಕೊಟ್ಟರೆ ಸೀಟಿನ ಸುದ್ದಿ ಅಂಗಡಿಯವರಿಗೆ ಬರುತ್ತದೆ. ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಣ ಕೊಟ್ಟರೆ ಸರ್ಕಾರಿ ಸೀಟು ಕೊಡಿಸುತ್ತೇನೆ ಎನ್ನುವ ಮಧ್ಯವರ್ತಿಗಳನ್ನು ಮನೆ ಬಾಗಿಲಿನಿಂದಲೇ ಕಳುಹಿಸಿ.

ರಾಜಾಜಿಯವರ ಊರಿನಿಂದ ಆರಂಭಿಸಿದೆವು. ಅವರ ಬದುಕಿನಲ್ಲಿ ಇನ್ನೊಂದು ಪಾಠವೂ ಇದೆ. 1953ರಲ್ಲಿ ಅವರು ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ, ಮಕ್ಕಳು ಒಂದು ಹೊತ್ತು ಶಾಲೆಯಲ್ಲಿ ಓದಿ ಇನ್ನೊಂದು ಹೊತ್ತು ಮನೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಅಪ್ಪನ ಕಸುಬಿಗೇ ಮಗನನ್ನು ಕಟ್ಟಿಹಾಕುವ ಯೋಜನೆ ಎಂದು ಜನ ಬಲವಾಗಿ ವಿರೋಧಿಸಿದರು. 1954ರಲ್ಲಿ ಅವರು ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟರು. ತೊರಪಲ್ಲಿಯಿಂದ ಬೆಂಗಳೂರಿಗೆ, ಮದರಾಸಿಗೆ ಹೋಗಿ ಓದುವ ಅವಕಾಶ ಒಬ್ಬ ಮುನಸೀಫರ ಮಗನಿಗೆ ಸಿಕ್ಕಿತ್ತು. ಅದೇ ಅವಕಾಶ ತೋಟದ ಕೂಲಿಯವನ ಮಗಳಿಗೂ ಬೇಕು ಎಂದು ಜನ ಅಂದು ಕೇಳಿದರು. ಇಂದು ಯಾವ ಯೋಜನೆಯೂ ಅವಳನ್ನು ತಡೆಯುತ್ತಿಲ್ಲ. ಆದರೆ ಹೊಂದದ ಒಂದು ಇನಿಷಿಯಲ್ ತಡೆಯಬಲ್ಲದು. ಹಾಗಾಗಬಾರದು.

ಪ್ರತಿ ಧರ್ಮಕೇಂದ್ರದಲ್ಲೂ ಇಂತಹ ಒಂದು ಮೇಜು ಇರಲಿ ಎಂಬುದು ನಮ್ಮ ಬಿನ್ನಹ. ದೊಡ್ಡ ಖರ್ಚಿಲ್ಲ. ಓದಿದ ಇಬ್ಬರು ಮೂವರು, ಒಂದು ಕಂಪ್ಯೂಟರ್, ಭಾನುವಾರ ಎರಡು ತಾಸು. ಹತ್ತು ಕನ್ನಿಕೆಯರ ಸಾಮತಿ ನಮಗೆಲ್ಲ ತಿಳಿದದ್ದೇ. ಐವರು ದೀಪದ ಜೊತೆ ಎಣ್ಣೆಯನ್ನೂ ತಂದಿದ್ದರು. ಉಳಿದ ಐವರು ಎಣ್ಣೆ ಕೊಳ್ಳಲು ನಡುರಾತ್ರಿಯಲ್ಲಿ ಓಡಿದರು. ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ನಮ್ಮ ಮಕ್ಕಳ ಕೈಯಲ್ಲಿ ದೀಪವಿದೆ. ಎಣ್ಣೆಯನ್ನು ಹೊತ್ತಿಗೆ ಮುಂಚೆ ತುಂಬಿಕೊಡುವುದು ತಂದೆತಾಯಿಗಳಾದ ನಮ್ಮ ಕೆಲಸ, ಒಂದೇ ಕುಟುಂಬವಾದ ಧರ್ಮಕೇಂದ್ರದ ಕೆಲಸ.

ಮೂರು ಹೆಸರಿದ್ದ ಆ ತಂದೆ ಕಳೆದ ವರ್ಷ ಮತ್ತೆ ಬಂದರು, ಚಿಕ್ಕ ಮಗಳ ಕಾಗದಗಳೊಂದಿಗೆ. ಇನ್ನೂ ಡಿಸೆಂಬರ್ ತಿಂಗಳು. ಎಲ್ಲದರಲ್ಲೂ ಒಂದೇ ಹೆಸರಿತ್ತು. "ನೋಡಿ ಸಾರ್, ಈಗ ನಾನು ಒಬ್ನೇ" ಎಂದು ನಕ್ಕರು.